ಮೂರನೆಯ ಊರಿನ ನೆತ್ತರು

ಸೂರ್ಯ ಇನ್ನೂ ಮನುಷ್ಯರನ್ನು ಕೇಳಿಕೊಂಡು ಹುಟ್ಟುತ್ತಿದ್ದ ಕಾಲ ಅದು. ಮೂಡಲೂರು ಅಂತ ಒಂದು ಊರು, ಪಡುವಲೂರು ಅಂತ ಇನ್ನೊಂದು. ನಡುವೆ ಒಂದು ಬಯಲು. ಆ ಬಯಲಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ, ಕಲ್ಲು ಹುಟ್ಟುತ್ತಿತ್ತು. ಸಂಜೆ ಆರಿಸಿ ಗುಡ್ಡೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ಕಲ್ಲು. ಕೋಳಿಮೊಟ್ಟೆಯ ಗಾತ್ರ, ನುಣ್ಣಗೆ, ಕೈಗೆ ಹೇಳಿ ಮಾಡಿಸಿದ ಹಾಗೆ.

ಎರಡೂ ಊರಿನವರು ಕವಣೆಯವರು. ಎಂಥಾ ಕವಣೆ ಅಂತೀರಿ! ಮೂಡಲೂರಿನವನೊಬ್ಬ ಬೀಸಿದ ಕಲ್ಲು ಮೂರು ಗುಡ್ಡ ದಾಟಿ, ಹಾರುತ್ತಿದ್ದ ಹದ್ದಿನ ಕೊಕ್ಕಿನಿಂದ ಮೀನು ಬೀಳಿಸಿತ್ತು, ಆ ಮೀನು ಹೋಗಿ ಯಾರದೋ ಕುದಿಯುವ ಸಾರಿಗೇ ಬಿದ್ದಿತ್ತು. ಪಡುವಲೂರಿನವನೊಬ್ಬ ಚಂದ್ರನಿಗೇ ಹೊಡೆದಿದ್ದ. ಆ ಕಲೆ ಇವತ್ತಿಗೂ ಇದೆ, ನಂಬದವರು ಹುಣ್ಣಿಮೆಯ ದಿನ ತಲೆಯೆತ್ತಿ ನೋಡಿಕೊಳ್ಳಲಿ.

ಜಗಳ ಯಾಕೆ ಅಂತ ಕೇಳಿದರೆ ಕೆಲವರು ಒಂದು ಹೆಣ್ಣಿಗೆ ಅಂದರು, ಕೆಲವರು ಒಂದು ಕೋಳಿಗೆ ಅಂದರು, ತಿಳಿದವರು ಆ ಹೆಣ್ಣಿನ ಕೋಳಿಗೆ ಅಂದರು. ಅದೇನೇ ಇರಲಿ, ಸೂರ್ಯ ಹುಟ್ಟಿದ ಅಂದರೆ ಕವಣೆ ತಿರುಗಿತು. ತಲೆಗಳು ಹಣ್ಣಾದ ಹಲಸಿನ ಹಾಗೆ ಬಿರಿದವು. ಹಲ್ಲುಗಳು ಬಿತ್ತನೆಯ ಜೋಳದ ಹಾಗೆ ಬಯಲ ತುಂಬ ಚೆಲ್ಲಿದವು. ಮೊಳೆತಿದ್ದರೆ ಒಳ್ಳೆ ಬೆಳೆ ಬರುತ್ತಿತ್ತು.

ಹೊಡೆದಾಡುವವರು ಹೊಡೆದಾಡಲಿ, ಸುತ್ತಣ ಊರುಗಳಿಗೇನು ಅಂತೀರಾ? ಜಗಳ ಮಧ್ಯಾಹ್ನ ದಾಟಿತೋ, ಸುತ್ತಣ ಊರುಗಳ ಕೆರೆ ಕೆಂಪಾಗುತ್ತಿತ್ತು. ಹಸುವಿನ ಕೆಚ್ಚಲಲ್ಲೇ ಹಾಲು ಒಡೆಯುತ್ತಿತ್ತು. ಎಳೆಗೂಸುಗಳು ಮೊಲೆ ಬಿಟ್ಟು ತಮ್ಮ ಹೆಬ್ಬೆರಳನ್ನೇ ಕಚ್ಚಿ ರಕ್ತ ಬರಿಸಿಕೊಳ್ಳುತ್ತಿದ್ದವು.

ಒಂದು ದಿನ ಒಬ್ಬ ಬಳೆಗಾರ ದಾರಿ ತಪ್ಪಿ ಆ ಬಯಲಿಗೆ ಕಾಲಿಟ್ಟ. ಅವನಿಗೆ ಮೂಡಲೂ ಇಲ್ಲ, ಪಡುವಲೂ ಇಲ್ಲ. ಎಲ್ಲಿಂದಲೋ ಬಂದ ಕಲ್ಲು ಅವನ ಹಣೆ ಒಡೆಯಿತು, ನೆತ್ತರು ತೊಟ್ಟಿಕ್ಕಿ ನೆಲ ಮುಟ್ಟಿತು. ಮುಟ್ಟಿದ ಗಳಿಗೆಗೇ ಎರಡೂ ಊರಿನ ಕವಣೆಗಳು ಸತ್ತ ಹಾವಿನ ಹಾಗೆ ಕೈಯಲ್ಲಿ ಜೋತುಬಿದ್ದವು. ಬೀಸಿದರೆ ತಿರುಗಲಿಲ್ಲ, ಎಳೆದರೆ ಬಿಗಿಯಲಿಲ್ಲ. ಮಾರನೆಯ ಸೂರ್ಯ ಹುಟ್ಟುವವರೆಗೆ ಕವಣೆಗೆ ಜೀವವಿಲ್ಲ. ಬಳೆಗಾರನ ಜೀವ ಹೋಯಿತು, ಬಯಲಿಗೊಂದು ಕಟ್ಟಳೆ ಬಂತು: ಮೂರನೆಯ ಊರಿನ ನೆತ್ತರು ಕಲ್ಲಿನೇಟಿಗೆ ನೆಲಕ್ಕೆ ಬಿದ್ದರೆ, ಆ ದಿನದ ಜಗಳ ಆ ದಿನಕ್ಕೆ ಮುಗಿಯಿತು.

ಸುತ್ತಣ ಊರಿನ ಯಜಮಾನರು ಬಯಲ ಪಕ್ಕದ ದಿಬ್ಬದ ಮೇಲೆ ಕೂಡಿದರು. ದೊಡ್ಡೂರು, ಎಣ್ಣೆಯೂರು, ನೇಯ್ಗೆಯೂರು, ಮತ್ತೆ ಕುಂಬಾರರ ಹಟ್ಟಿ. ದಿನಕ್ಕೊಂದು ಊರಿನಿಂದ ಒಬ್ಬೊಬ್ಬರು ಬಯಲ ನಡುವೆ ನಿಲ್ಲಬೇಕು, ಕೈಯೆತ್ತಬಾರದು, ಕಲ್ಲು ತಿನ್ನಬೇಕು ಅಂತ ಹಾಲು ಮುಟ್ಟಿ ಆಣೆ ಮಾಡಿದರು.

ಆಣೆಯ ಹಾಲು ಕೈಯಲ್ಲಿ ಆರುವಷ್ಟರಲ್ಲಿ ದೊಡ್ಡೂರಿನ ಪಾಳಿ ಬಂತು. ನಿಲ್ಲಬೇಕಾದವನಿಗೆ ಜ್ವರ. ಅವನ ಬದಲಿಗೆ ಒಂದು ನಗಾರಿ ಬಂತು. ಆನೆ ಮರಿ ಹಾಕಿ ಸಂಸಾರ ಮಾಡಬಹುದಾದಷ್ಟು ದೊಡ್ಡ ನಗಾರಿ. ನಿಂತವರ ಹೊಗಳಿಕೆಗೆ ಅದನ್ನು ಬಾರಿಸುವುದು ದೊಡ್ಡೂರಿನ ಹೊರೆ ಅಂತಾಯಿತು. ಎಣ್ಣೆಯೂರಿನವರು ಗಾಯಕ್ಕೆ ಎಣ್ಣೆ ಕೊಟ್ಟರು. ನೇಯ್ಗೆಯೂರಿನವರು ಕಟ್ಟಲು ಬಟ್ಟೆ ಕೊಟ್ಟರು. ಆ ಬಟ್ಟೆ ಎಂಥಾದ್ದು ಅಂದರೆ, ಒಂದು ಕೊಡ ನೀರು ಹುಯ್ದರೂ ಎಲ್ಲ ಕುಡಿದು ಒಂದು ತೊಟ್ಟೂ ಕೆಳಗೆ ಬಿಡದು. ಹಟ್ಟಿಯವರಲ್ಲಿ ಕೊಡಲು ಏನಿತ್ತು? ಮಣ್ಣಿತ್ತು, ಮನುಷ್ಯರಿದ್ದರು. ಮಣ್ಣು ಯಾರಿಗೂ ಬೇಕಾಗಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ನಿಂತವನು ಬಿದ್ದರೆ ಬಿದ್ದವನ ಮನೆಯವರೇ ಎದ್ದು ನಿಲ್ಲಬೇಕು, ಯಾಕೆಂದರೆ ಆ ಮನೆಗೆ ಅಭ್ಯಾಸ ಆಗಿರುತ್ತೆ ಅಂತ ದೊಡ್ಡೂರಿನ ಯಜಮಾನ ತೀರ್ಪು ಕೊಟ್ಟ. ಮನೆಯಲ್ಲಿ ಹುಟ್ಟಿದವರು ಮೊದಲು, ಮನೆಗೆ ಬಂದವರು ಆಮೇಲೆ. ಹೀಗೆ ಹೊರೆ ಊರಿಂದ ಊರಿಗೆ ಜಾರಿ, ಹಟ್ಟಿಯಲ್ಲಿ ಮನೆಯಿಂದ ಮನೆಗೆ ಜಾರಿ, ಒಂದು ಮನೆಯ ಹೊಸ್ತಿಲಲ್ಲಿ ಬೇರುಬಿಟ್ಟು ಕೂತಿತು.

ಆ ಮನೆಗೊಬ್ಬಳು ಸೊಸೆ. ಹೆಸರು ಏನಿತ್ತೋ, ಹಟ್ಟಿಯೆಲ್ಲ ಸೊಸೆ ಅಂತಲೇ ಕರೆಯುತ್ತಿತ್ತು. ಅವಳ ಮಾವ ನಿಂತ, ಬಿದ್ದ. ಭಾವ ನಿಂತ, ಬಿದ್ದ. ಆಮೇಲೆ ಗಂಡ ನಿಂತ. ಅವನ ಹಣೆ ಗಟ್ಟಿ. ಎಷ್ಟು ಗಟ್ಟಿ ಅಂದರೆ ಬಡಿದ ಕಲ್ಲೇ ಹೋಳಾಗುತ್ತಿತ್ತು. ಒಂದು ತೊಟ್ಟು ನೆತ್ತರು ಕೊಟ್ಟು, ಎಣ್ಣೆ ಹಚ್ಚಿಸಿಕೊಂಡು, ಮನೆಗೆ ಬಂದು ಅಂಬಲಿ ಕುಡಿದು ಚಕ್ರ ತಿರುಗಿಸಲು ಕೂರುತ್ತಿದ್ದ.

ಆದರೆ ಎರಡೂರಿನವರು ಬುದ್ಧಿವಂತರಾದರು. ಒಬ್ಬರಿಗೊಬ್ಬರು ಹೊಡೆದುಕೊಂಡು ಯಾಕೆ ಸಾಯಬೇಕು? ನಡುವೆ ನಿಂತವನಿಗೇ ಹೊಡೆದರೆ ಬೇಗ ಮುಗಿಯುತ್ತೆ, ಬೇಗ ಮನೆಗೆ ಹೋಗಬಹುದು. ಸೂರ್ಯ ಹುಟ್ಟುತ್ತಲೇ ಎರಡೂ ಕಡೆಯ ಕಣ್ಣು ನಿಂತವನ ಮೇಲೆ, ಎರಡೂ ಕಡೆಯ ಕಲ್ಲು ನಿಂತವನ ಮೇಲೆ. ಎದುರಿನ ಊರು ಹೇಗಿದೆ ಅನ್ನೋದೇ ಅವರಿಗೆ ಮರೆತುಹೋಯಿತು. ಹಾಗೆ ಒಂದು ಬೆಳಿಗ್ಗೆ ಮೂಡಲ ಕಲ್ಲೊಂದು, ಪಡುವಲ ಕಲ್ಲೊಂದು ಒಟ್ಟಿಗೇ ಬಂದು ಗಂಡನ ಎರಡು ಕಣತಲೆಗೂ ಬಡಿದವು. ನಡುವೆ ಉಳಿದದ್ದು ಮುಖ ಅಲ್ಲ. ಸೊಸೆ ಅದನ್ನು ಮಡಿಲಲ್ಲಿ ಬಳಿದುಕೊಂಡು ಬಂದಳು. ದಿಬ್ಬದ ಮೇಲೆ ನಗಾರಿ ಬಾರಿಸಿದರು.

ಮನೆಯಲ್ಲಿ ಹುಟ್ಟಿದವರು ಇನ್ನು ಒಬ್ಬಳೇ: ನಾದಿನಿ. ತಾಯಿಲ್ಲದ ಹುಡುಗಿ, ಸೊಸೆಯೇ ತಲೆ ಬಾಚಿ ಬೆಳೆಸಿದವಳು, ಈಗ ಮದುವೆಯ ವಯಸ್ಸಿಗೆ ಬಂದಿದ್ದಳು. ನಾಳೆ ಅವಳ ಪಾಳಿ.

ಸೊಸೆ ಗಂಡನಿಗೆ ಮಣ್ಣು ಹಾಕಿ, ಕೈ ತೊಳೆಯದೇ ದಿಬ್ಬ ಹತ್ತಿದಳು. ಅಲ್ಲಿ ಚಪ್ಪರ, ಚಪ್ಪರದಡಿ ಜಮಖಾನ, ಜಮಖಾನದ ಮೇಲೆ ಯಜಮಾನರು. ಅವರ ಕಾಲು ನೆಲ ಮುಟ್ಟಿ ಎಷ್ಟೋ ವರ್ಷವಾಗಿತ್ತು.

"ಯಾರಮ್ಮ ನೀನು?" ಅಂದ ದೊಡ್ಡೂರಿನ ಯಜಮಾನ.

"ಬೆಳಿಗ್ಗೆ ಬಿದ್ದೋರ ಹೆಂಡ್ತಿ, ಬುದ್ಧಿ."

"ಅಯ್ಯೋ, ಪುಣ್ಯಾತ್ಮ ಕಣಮ್ಮ ಅವನು. ಅವನಿಗೆ ಅಂತ ನಗಾರೀನ ಹೆಚ್ಚಾಗೇ ಬಾರಿಸೋಕೆ ಹೇಳಿದ್ದೆ. ಕೇಳುಸ್ತಾ?"

"ನಂಗೆ ಕೇಳುಸ್ತು ಬುದ್ಧಿ. ಅವರಿಗೆ ಕಿವಿ ಉಳಿದಿರಲಿಲ್ಲ."

ಯಜಮಾನ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ.

"ನಾಳೆ ನಮ್ಮ ನಾದಿನಿ ಪಾಳಿ," ಅಂದಳು ಸೊಸೆ. "ಆ ಮನೇಲಿ ಹುಟ್ಟಿದ್ದು ಇನ್ನು ಅದೊಂದೇ ಜೀವ. ನಾಳೆ ನಿಮ್ಮ ಮೂರೂರಲ್ಲಿ ಯಾವ್ದಾದ್ರೂ ಒಂದೂರಿಂದ ಒಬ್ಬರನ್ನ ಕಳ್ಸಿ. ಬೇರೆ ಏನೂ ಕೇಳಲ್ಲ."

ಎಣ್ಣೆಯೂರಿನ ಯಜಮಾನ ಮೊದಲು ಸಿಡಿದ. "ನಾವೇನು ಹೊರೆ ಹೊತ್ತಿಲ್ವಾ? ನಿಮ್ಮ ಗಾಯಕ್ಕೆ ಎಣ್ಣೆ ತೆಗೆದೂ ತೆಗೆದೂ ನಮ್ಮ ಗಾಣದೆತ್ತಿನ ಕಾಲು ಮಂಡಿವರೆಗೂ ಸವೆದೋಗವೆ. ಈಗ ಅವು ಮಂಡಿ ಮೇಲೇ ನಡೀತಾವೆ, ಬೇಕಾದ್ರೆ ಬಂದು ನೋಡು!"

"ನಮ್ಮ ನೇಕಾರರ ಕಣ್ಣು ಮಗ್ಗದೊಳಗೇ ಬಿದ್ದೋಗವೆ," ಅಂದ ನೇಯ್ಗೆಯೂರಿನವನು.

"ಕಣ್ಣು ಬಿದ್ರೆ ಆರಿಸ್ಕೋಬೌದು ಬುದ್ಧಿ. ತಲೆ ಬಿದ್ರೆ?"

ಗಾಳಿ ಬೀಸುವ ಆಳು ಬಾಯಿಗೆ ಬೀಸಣಿಗೆ ಅಡ್ಡ ಹಿಡಿದು ನಕ್ಕ. ದೊಡ್ಡೂರಿನ ಯಜಮಾನ ಅವನನ್ನು ಕಣ್ಣಲ್ಲೇ ಗದರಿಸಿ, ಸೊಸೆಗೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದ:

"ನೋಡಮ್ಮ, ದೊಡ್ಡೂರಿನ ನೆತ್ತರು ನಿಮ್ಮ ಹಟ್ಟಿ ನೆತ್ತರಿನ ಹಂಗಲ್ಲ. ದಪ್ಪ. ಬೆಲ್ಲದ ಪಾಕ ಇದ್ದಂಗೆ. ಅದರ ಒಂದು ಹನಿ ಬಯಲಿಗೆ ಬಿದ್ರೆ ಎರಡೂರೂ ಉರಿದು ಬೂದಿ ಆಗೋಗ್ತವೆ. ಅವರ ಮೇಲಿನ ಕರುಣೆಗೇ ನಾನು ಯಾರನ್ನೂ ಕಳಿಸ್ತಿಲ್ಲ."

"ಒಂದ್ಸಲ ಬೀಳ್ಸಿ ನೋಡೋಣ ಬುದ್ಧಿ. ಸುಟ್ರೆ ಸುಡಲಿ."

ಆಗ ದೊಡ್ಡೂರಿನ ಯಜಮಾನನಿಗೆ ಒಂದು ಉಪಾಯ ಹೊಳೆಯಿತು. ಹೊಸ ಮನೆಗೆ, ಹೊಸ ಬಂಡಿಗೆ ದೃಷ್ಟಿ ತೆಗೆಯಲು ಏನು ಒಡೆಯುತ್ತಾರೆ? ಬೂದಗುಂಬಳ. ಒಳಗೆ ಕುಂಕುಮ ತುಂಬಿದರೆ ಒಡೆದಾಗ ನೆತ್ತರಿನ ಹಾಗೇ ಕೆಂಪು. ದೇವರೇ ಮೋಸ ಹೋಗಿ ಒಪ್ಪಿಕೊಳ್ಳುತ್ತಾನೆ, ಇನ್ನು ಕವಣೆ ಯಾವ ಲೆಕ್ಕ? ದೊಡ್ಡೂರಿನ ಹಿತ್ತಲ ಕುಂಬಳ, ಅಂದರೆ ಮೂರನೆಯ ಊರಿನದೇ! ಎಲ್ಲರೂ ಭೇಷ್ ಅಂದರು. ಸೊಸೆಯೂ ಕೈಮುಗಿದಳು. ಬೂದಗುಂಬಳ ಒಡೆದರೆ ಕೆಡುಕು ಕಳೆಯುತ್ತೆ ಅಂತ ಅವಳ ಹಟ್ಟಿಯೂ ನಂಬಿತ್ತು. ನಾದಿನಿ ಉಳಿದಳು ಅಂದುಕೊಂಡಳು.

ಬೆಳಗಾಯಿತು. ಕರುವಿನ ಗಾತ್ರದ ಕುಂಬಳವನ್ನು ಬಿದಿರ ಗಳುವಿನ ಮೇಲೆ ನೆಟ್ಟು, ಮೂಗು ಬಾಯಿ ಬರೆದು, ರುಮಾಲು ಸುತ್ತಿ ಬಯಲ ನಡುವೆ ನಿಲ್ಲಿಸಿದರು. ಕಲ್ಲು ಬಂತು. ಕುಂಬಳ ಢಬ್ ಅಂತ ಒಡೆದು ಕುಂಕುಮ ಬುಗ್ಗೆಯ ಹಾಗೆ ಚಿಮ್ಮಿತು, ಗಾಳಿಯೆಲ್ಲ ಕೆಂಪಾಯಿತು. ದಿಬ್ಬದ ಮೇಲೆ ನಗಾರಿ ಬಾರಿಸಿದರು.

ಕವಣೆ ಜೋತುಬೀಳಲಿಲ್ಲ.

ಪಡುವಲೂರಿನ ಹುಡುಗನೊಬ್ಬ ಓಡಿಬಂದು ಬೆರಳಲ್ಲಿ ಮುಟ್ಟಿ ಮೂಸಿದ. "ಲೋ, ಕುಂಕುಮ ಕಣ್ರೋ!" ಎರಡೂ ಊರು ಬಿದ್ದು ಬಿದ್ದು ನಕ್ಕಿತು. ನಗುತ್ತಾ ನಗುತ್ತಾ ತಲೆಯೆತ್ತಿದರು. ನಡುವೆ ಯಾರೂ ಇಲ್ಲ. ಬಹಳ ಕಾಲದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಂಡಿತು. ಅಪ್ಪನನ್ನು ಕೊಂದವನ ಮಗ ಅಗೋ. ಅಣ್ಣನ ಕಣ್ಣು ತೆಗೆದವನು ಅಗೋ ಅಲ್ಲಿ. ನಗು ನಿಂತಿತು.

ಆಮೇಲೆ ಆದದ್ದನ್ನು ಹೇಳಲು ನನ್ನಂಥವನಿಗೂ ನಾಲಿಗೆ ತಡವರಿಸುತ್ತದೆ. ಕಲ್ಲುಗಳು ಆಲಿಕಲ್ಲಿನ ಹಾಗೆ ಬಿದ್ದವು. ನಕ್ಕ ಹುಡುಗ ಕುಂಕುಮದ ಬೆರಳು ಇನ್ನೂ ಮೂಗಿನ ಹತ್ತಿರ ಇರುವಾಗಲೇ ಕುತ್ತಿಗೆ ಮುರಿದು ಬಿದ್ದ. ಕಲ್ಲು ಮುಗಿದ ಕಡೆ ಕವಣೆಯ ಹುರಿಯಿಂದಲೇ ಕತ್ತು ಬಿಗಿದರು. ಬಿದ್ದವನ ಎದೆಯ ಮೇಲೆ ನಿಂತು ಬೀಸಿದರು, ನಿಂತವನು ಬಿದ್ದರೆ ಅವನ ಮೇಲೆ ಇನ್ನೊಬ್ಬ ನಿಂತ, ಹೀಗೆ ಹೆಣಗಳೇ ಮೆಟ್ಟಿಲಾಗಿ ಬಯಲಲ್ಲಿ ಎರಡು ಗುಡ್ಡ ಎದ್ದವು. ಸೂರ್ಯ ಹೆದರಿ ನೆತ್ತಿಯಲ್ಲೇ ನಿಂತುಬಿಟ್ಟ. ಸುತ್ತಣ ಕೆರೆಗಳು ಕೆಂಪಾದವು. ಹಟ್ಟಿಯ ಕೂಸುಗಳು ಹೆಬ್ಬೆರಳು ಕಚ್ಚತೊಡಗಿದವು.

"ಎಲ್ಲಿ ಆ ಹಟ್ಟಿ ಹುಡುಗಿ?" ಅಂತ ದಿಬ್ಬದಿಂದ ದೊಡ್ಡೂರಿನ ಯಜಮಾನ ಕಿರುಚಿದ. "ಈಗಿಂದೀಗ ನಿಲ್ಸಿ ಅವಳನ್ನ! ಅವಳತ್ತಿಗೆ ಬಂದು ಗೋಗರೆಯದೇ ಇದ್ದಿದ್ರೆ ಇಷ್ಟು ಹೆಣ ಬೀಳ್ತಿತ್ತಾ? ಎಲ್ಲಾ ಆ ಹೆಂಗಸಿನ ತಲೆ ಮೇಲೆ!"

ಆಳುಗಳು ಹಟ್ಟಿಗೆ ಓಡಿಬಂದರು. ನಾದಿನಿ ಆಗಲೇ ಎದ್ದು ನಿಂತಿದ್ದಳು. ಸೊಸೆ ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಬಟ್ಟೆ ತಗೊಂಡು ನನ್ನ ತಲೆಗೆ ಸುತ್ತು. ಮುಖ ಕಾಣದಂಗೆ ಸುತ್ತು. ನಾನು ಹೋಗ್ತೀನಿ."

"ಅತ್ತಿಗೇ, ಪಾಳಿ ನಂದು. ಹುಟ್ಟಿದೋರು ಮೊದಲು."

"ಸುಮ್ನಿರೇ. ಮಡಕೆ ಒಡೆದ್ರೆ ಇನ್ನೊಂದು ತಟ್ಟಬೌದು. ನಿನ್ನ ಯಾರು ತಟ್ತಾರೆ?"

ಹುಡುಗಿ ಅಳುತ್ತಲೇ ಸುತ್ತಿದಳು. ಅತ್ತಿಗೆಗೆ ಏಟು ತಾಗದಿರಲಿ ಅಂತ ಮನೆಯಲ್ಲಿದ್ದ ನೇಯ್ಗೆಯೂರಿನ ಬಟ್ಟೆಯನ್ನೆಲ್ಲ ಸುತ್ತಿದಳು. ತಲೆಗೆ, ಭುಜಕ್ಕೆ, ಎದೆಗೆ, ಪದರದ ಮೇಲೆ ಪದರ. ಕಣ್ಣಿಗೊಂದು ಸೀಳು ಬಿಟ್ಟಳು.

ಸೊಸೆ ಬಯಲಿಗಿಳಿದಳು. ಒಂದು ಹೆಣದ ಗುಡ್ಡಕ್ಕೂ ಇನ್ನೊಂದು ಹೆಣದ ಗುಡ್ಡಕ್ಕೂ ನಡುವೆ ನಿಂತಳು. ಅಭ್ಯಾಸ ನೋಡಿ! ನಡುವೆ ಒಂದು ಆಕೃತಿ ಕಂಡಿತೋ ಇಲ್ಲವೋ, ಎರಡೂರಿನ ಕಣ್ಣೂ ಎದುರಿನ ಮುಖ ಬಿಟ್ಟು ಅವಳ ಮೇಲೆ ನೆಟ್ಟವು. ಎಲ್ಲ ಕವಣೆಯೂ ಅವಳ ಕಡೆ ತಿರುಗಿತು. ಕಲ್ಲು ಬೆನ್ನಿಗೆ ಬಡಿಯಿತು, ಪಕ್ಕೆಗೆ ಬಡಿಯಿತು, ಒಂದು ಎಲುಬು ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ಕಿವಿ ಹರಿದು ನೆತ್ತರು ಇಳಿಯಿತು. ಆದರೆ ನೇಯ್ಗೆಯೂರಿನ ಬಟ್ಟೆ ಅದನ್ನು ಕುಡಿಯಿತು. ಇಳಿದಷ್ಟೂ ಕುಡಿಯಿತು, ಒಂದು ತೊಟ್ಟೂ ನೆಲಕ್ಕೆ ಬಿಡಲಿಲ್ಲ. ಬಿಚ್ಚೋಣ ಅಂದರೆ ನಿಂತವರು ಕೈಯೆತ್ತುವ ಹಾಗಿಲ್ಲ. ನೆತ್ತರು ಬೀಳದೆ ಜಗಳ ನಿಲ್ಲದು, ಜಗಳ ನಿಲ್ಲದೆ ಕಲ್ಲು ನಿಲ್ಲದು.

ಕಾಲಿಗೆ ಅಡ್ಡಬಿದ್ದ ಹೆಣ ತಪ್ಪಿಸಲು ಸೊಸೆ ಒಂದು ಹೆಜ್ಜೆ ಆಚೆ ಇಟ್ಟಳು. ಕಲ್ಲಿನ ಮಳೆಯೂ ಒಂದು ಹೆಜ್ಜೆ ಆಚೆ ಬಂತು. ಇನ್ನೆರಡು ಹೆಜ್ಜೆ ಇಟ್ಟಳು. ಮಳೆಯೂ ಬಂತು, ಕರೆದ ಹಸುವಿನ ಹಾಗೆ. ಎಷ್ಟೋ ವರ್ಷದಿಂದ ನಿಂತವರೆಲ್ಲ ನಿಂತಲ್ಲೇ ನಿಂತಿದ್ದರು. ಕೈಯೆತ್ತಬಾರದು ಅಂತ ಆಣೆ ಇತ್ತು. ಕಾಲೆತ್ತಬಾರದು ಅಂತ ಯಾರು ಹೇಳಿದ್ದರು?

ಸೊಸೆ ದಿಬ್ಬದ ಕಡೆ ಮುಖ ಮಾಡಿ ನಡೆದಳು.

ಮೂಡಲೂರೂ ಪಡುವಲೂರೂ ಕವಣೆ ತಿರುಗಿಸುತ್ತಾ ಅವಳ ಎರಡು ಪಕ್ಕಕ್ಕೆ ಹಿಂಬಾಲಿಸಿದವು, ಮದುವೆ ದಿಬ್ಬಣದ ಹಾಗೆ. ಮೊಣಕಾಲಿಗೆ ಏಟು ಬಿದ್ದಾಗ ಅವಳು ಬಗ್ಗಿದಳು, ಮತ್ತೆ ಎದ್ದಳು.

"ಏಯ್! ಅಲ್ಲೇ ನಿಲ್ಲು!" ದೊಡ್ಡೂರಿನ ಯಜಮಾನ ಎದ್ದು ಕೂಗಿದ. "ನಿನ್ನ ಜಾಗ ಅಲ್ಲಿ ಕಣಮ್ಮ, ಬಯಲ ನಡುವೆ!"

ಅವಳು ನಿಲ್ಲಲಿಲ್ಲ.

"ಅಮ್ಮಾ, ತಾಯೀ, ಎಣ್ಣೆ ಎಷ್ಟು ಬೇಕಾದ್ರೂ ಕೊಡ್ತೀವಿ!" ಅಂದ ಎಣ್ಣೆಯೂರಿನವನು.

ಸೊಸೆ ಚಪ್ಪರದೊಳಗೆ ಕಾಲಿಟ್ಟಳು. ಅವಳ ಹಿಂದೆಯೇ ಕಲ್ಲುಗಳು ಬಂದವು. ಚಪ್ಪರ ಜರಡಿಯಾಯಿತು. ನಗಾರಿ ಸಿಡಿದು, ಅದರೊಳಗೆ ಅಷ್ಟು ವರ್ಷ ತುಂಬಿಕೊಂಡಿದ್ದ ಹೊಗಳಿಕೆಯೆಲ್ಲ ಒಂದೇ ಸಲ ಊಳಿಟ್ಟು ಹೊರಬಿತ್ತು. ಎಣ್ಣೆಯ ಗಡಿಗೆಗಳು ಒಡೆದವು. ಓಡಲು ಎದ್ದ ಎಣ್ಣೆಯೂರಿನ ಯಜಮಾನ ತನ್ನದೇ ಎಣ್ಣೆಯಲ್ಲಿ ಜಾರಿ ದವಡೆ ಮುರಿದುಕೊಂಡ. ನೇಯ್ಗೆಯೂರಿನವನ ಮುಂಗೈ ಮುರಿದು ಒಳಗಿನ ಮೂಳೆ ಹಲ್ಲು ಕಿಸಿಯಿತು. ದೊಡ್ಡೂರಿನ ಯಜಮಾನ ಕೈಗೆ ಸಿಕ್ಕ ಒಂದು ಮಣೆಯನ್ನು ತಲೆಗೆ ಅಡ್ಡ ಹಿಡಿದ. ಮಣೆ ಸೀಳಿಕೊಂಡು ಬಂದ ಕಲ್ಲು ಅವನ ಹಣೆಯನ್ನು ಎರಡು ಮಾಡಿತು.

ನೆತ್ತರು ಧಾರೆಯಾಗಿ ಸುರಿಯಿತು. ಪಾಕದ ಹಾಗೇನೂ ಇರಲಿಲ್ಲ, ಮಜ್ಜಿಗೆಯ ಹಾಗೆ ತೆಳ್ಳಗೆ ಓಡುತ್ತಿತ್ತು. ಆದರೆ ಸುರಿದದ್ದು ಜಮಖಾನದ ಮೇಲೆ. ಜಮಖಾನ ನೇಯ್ದವರು ಯಾರು? ನೇಯ್ಗೆಯೂರಿನವರೇ. ಅದೂ ಕುಡಿಯಿತು. ಕಲ್ಲು ಬರುತ್ತಲೇ ಇತ್ತು.

"ಎದ್ದೇಳಿ ಬುದ್ಧಿ!" ಅಂದಳು ಸೊಸೆ.

"ಸಾಯ್ತೀನಿ, ಸಾಯ್ತೀನಿ..."

"ಇದರ ಮೇಲೇ ಕೂತಿದ್ರೆ ಸಾಯ್ತೀರಿ!"

ಮುರಿದ ಪಕ್ಕೆಯ ನೋವಿಗೆ ಕಣ್ಣು ಕತ್ತಲಿಟ್ಟರೂ ಅವಳು ಬಗ್ಗಿದಳು. ಜಮಖಾನದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಯಜಮಾನ ಮೂಟೆಯ ಹಾಗೆ ಉರುಳಿ ಬರೀ ನೆಲಕ್ಕೆ ಬಿದ್ದ. ಹಣೆಯಿಂದ ಒಂದು ಹನಿ ಜಾರಿ, ಮೂಗಿನ ತುದಿಯಲ್ಲಿ ತೂಗಿ, ಮಣ್ಣಿಗೆ ಬಿತ್ತು.

ಕವಣೆಗಳು ಜೋತುಬಿದ್ದವು. ಬೀಸಿದ ಕೈಗಳು ಬೀಸಿದ ಹಾಗೇ ನಿಂತವು. ಮೂಡಲೂರೂ ಉರಿಯಲಿಲ್ಲ, ಪಡುವಲೂರೂ ಉರಿಯಲಿಲ್ಲ. ಎರಡೂರಿನವರೂ ತಂತಮ್ಮ ಹೆಣಗಳನ್ನು ಎತ್ತಿಕೊಳ್ಳಲು ಮೆಲ್ಲಗೆ ದಿಬ್ಬ ಇಳಿದರು.

ನೇಯ್ಗೆಯೂರಿನವನು ಮುರಿದ ಮುಂಗೈ ಎದೆಗೊತ್ತಿಕೊಂಡು ಕೇಳಿದ: "ನಾಳೆ?"

"ನಾಳೆಯೂ ನಾನು ನಿಲ್ತೀನಿ ಬುದ್ಧಿ," ಅಂದಳು ಸೊಸೆ, ತಲೆಯ ಬಟ್ಟೆ ಬಿಚ್ಚುತ್ತಾ. "ಒಬ್ಬಳೇ ನಿಲ್ಲು ಅಂದ್ರೆ ಒಬ್ಬಳೇ ನಿಲ್ತೀನಿ. ಎಲ್ಲಿ ನಿಲ್ಲಬೇಕು ಅನ್ನೋದು ಮಾತ್ರ ನನಗೆ ಬಿಟ್ಬಿಡಿ. ದೊಡ್ಡೂರಿನ ಊರಬಾಗಿಲು ಒಳ್ಳೆ ಅಗಲ ಐತಂತೆ. ಎರಡೂರಿನ ಕವಣೆಯೋರೂ ಒಟ್ಟಿಗೇ ಒಳಕ್ಕೆ ಹಿಡಿಸ್ತಾರಾ?"

ದೊಡ್ಡೂರಿನ ಯಜಮಾನ ಹಣೆ ಒತ್ತಿ ಹಿಡಿದುಕೊಂಡು ಅವಳ ಕಾಲನ್ನೇ ನೋಡುತ್ತಿದ್ದ. ಮೊಣಕಾಲು ಊದಿ ಮಡಕೆಯಾಗಿತ್ತು. ಆದರೂ ಅವಳು ನಿಂತೇ ಇದ್ದಳು.

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟಲೋ ಬೇಡವೋ ಅಂತ ಇಣುಕಿ ನೋಡಿದ. ಹಟ್ಟಿಯಲ್ಲಿ ನಾದಿನಿ ಹಸಿಮಡಕೆ ತಟ್ಟುತ್ತಿದ್ದಳು, ಆ ಸದ್ದು ಬಯಲವರೆಗೂ ಬರುತ್ತಿತ್ತು. ಬಯಲಲ್ಲಿ ಒಂದು ಸಾಲು ನಿಂತಿತ್ತು. ಕೈಗೆ ಕೈ ಹಿಡಿದ ಸಾಲು: ದವಡೆ ಕಟ್ಟಿಕೊಂಡ ಎಣ್ಣೆಯೂರಿನವನು, ಗಾಣದವರು, ಒಂದು ಕೈ ಜೋಲುವ ನೇಯ್ಗೆಯೂರಿನವನು, ನೇಕಾರರು, ದೊಡ್ಡೂರಿನ ಮೈದುಂಬಿದ ಗಂಡಸರು, ಗಾಳಿ ಬೀಸುವ ಆಳು. ನಡುವೆ ಸೊಸೆ. ಅವಳ ಕೈಯಲ್ಲಿ ದೊಡ್ಡೂರಿನ ಯಜಮಾನನ ಕೈ, ಹಿಡಿದ ಕೋಳಿಯ ಎದೆಯ ಹಾಗೆ ಡವಗುಟ್ಟುತ್ತಿತ್ತು. ಯಾರ ತಲೆಗೂ ಬಟ್ಟೆ ಇರಲಿಲ್ಲ.

ಎರಡೂರಿನವರೂ ಕವಣೆಗೆ ಕಲ್ಲಿಟ್ಟರು. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಮತ್ತೆ ಆ ತುದಿಯಿಂದ ಈ ತುದಿಗೆ ನೋಡಿದರು. ಕೊನೆಗೆ ಯಾರೋ ಒಬ್ಬ ಬೀಸಿಯೇ ಬೀಸಿದ. ಕಲ್ಲು ಸಿಳ್ಳೆ ಹಾಕುತ್ತಾ ಮೇಲೇರಿತು.

"ಯಾರಿಗೆ ಬೀಳುತ್ತಮ್ಮ ಅದು?" ಯಜಮಾನ ಪಿಸುಗುಟ್ಟಿದ. "ಹೇಳು, ಯಾರಿಗೆ?"

"ಗೊತ್ತಿಲ್ಲ ಬುದ್ಧಿ," ಅಂದಳು ಸೊಸೆ. "ನಿನ್ನೆವರೆಗೂ ಗೊತ್ತಿತ್ತು."